ನ್ಯಾಯಮೂರ್ತಿ ಗಜೇಂದ್ರಗಡಕರರೂ ದುಡಿಯುವವನ ಪಗಾರವೂ

(ಭಾವಿಕೇರಿಯಲ್ಲಿ ಮಾಡಿದ ಭಾಷಣ)



ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ ಎಂಬ ಗಾದೆ ನಮ್ಮಲ್ಲಿದೆ. ಬಡವನ ಅನುಭವದಿಂದ ಹುಟ್ಟಿದ ಗಾದೆ ಅದು. ಅದನ್ನು ಸುಳ್ಳೆಂದು ಹೇಳಲು ನಾನು ಇಲ್ಲಿ ನಿಂತಿಲ್ಲ. ಆದರೆ ಆ ಗಾದೆಯನ್ನೇ ನಂಬಿ ನಾವು ಕಾನೂನಿನ ಕಡೆ ಬೆನ್ನು ತಿರುಗಿಸಿ ಕೂತರೆ ಲಾಭ ಯಾರಿಗೆ? ಮಾಲಿಕನ ಮನೆಯಲ್ಲಿ ವಕೀಲನಿದ್ದಾನೆ, ಕಾನೂನಿನ ಪುಸ್ತಕವಿದೆ. ಗಿರಣಿಯ ಮಜೂರನ ಮನೆಯಲ್ಲಿ ಏನಿದೆ? ಆದ್ದರಿಂದ ಈ ಹೊತ್ತು ಒಬ್ಬ ನ್ಯಾಯಮೂರ್ತಿಯ ಕಥೆಯನ್ನು ನಿಮ್ಮ ಮುಂದಿಡಬೇಕೆಂದಿದ್ದೇನೆ. ಅವರ ಹೆಸರು ಪ್ರಹ್ಲಾದ ಬಾಳಾಚಾರ್ಯ ಗಜೇಂದ್ರಗಡಕರ. ಭಾರತದ ಮುಖ್ಯ ನ್ಯಾಯಾಧೀಶರಾಗಿದ್ದವರು. ನಿಮ್ಮ ಪಗಾರ, ನಿಮ್ಮ ಬೋನಸ್ಸು, ನಿಮ್ಮ ಕೆಲಸದ ಭದ್ರತೆ, ನಿಮ್ಮ ಮಕ್ಕಳ ಕಾಲೇಜಿನ ಸೀಟು, ಇವೆಲ್ಲದರ ಮೇಲೂ ಆ ಮನುಷ್ಯನ ಲೇಖನಿಯ ಗುರುತು ಬಿದ್ದಿದೆ.

ಭಾವಿಕೇರಿಗೂ ಗಜೇಂದ್ರಗಡಕರರಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ನಮ್ಮ ಕಾರವಾರ ಜಿಲ್ಲೆ 1862ರಲ್ಲಿ ಮದ್ರಾಸಿನಿಂದ ಮುಂಬಯಿ ಇಲಾಖೆಗೆ ಸೇರಿತು. ಅಂದಿನಿಂದ 1956ರ ನವೆಂಬರ್ 1ರ ತನಕ, ಅಂಕೋಲೆಯ ಗೇಣಿಯ ಜಗಳವಾಗಲಿ, ಗದ್ದೆಯ ಅಂಚಿನ ಖಟ್ಲೆಯಾಗಲಿ, ಮೇಲಿನ ಅಪೀಲೆಂದರೆ ಮುಂಬಯಿ ಹಾಯ್‌ಕೋರ್ಟೇ. ನಮ್ಮ ಹೊನ್ನಾವರದಲ್ಲಿ ಹುಟ್ಟಿದ ಸರ್ ನಾರಾಯಣ ಚಂದಾವರಕರರು ಅದೇ ಕೋರ್ಟಿನಲ್ಲಿ 1901ರಿಂದ ನ್ಯಾಯಮೂರ್ತಿಗಳಾಗಿದ್ದರು. ಅದೇ ಪೀಠವನ್ನು 1945ರಲ್ಲಿ ಏರಿದವರು ಗಜೇಂದ್ರಗಡಕರರು. ಎಂದರೆ ಸುಮಾರು ಹನ್ನೊಂದು ವರ್ಷ ಕಾಲ ಅವರು ಭಾವಿಕೇರಿಯ ರೈತನಿಗೂ ಹಾಯ್‌ಕೋರ್ಟಿನ ಜಜ್ಜರೇ. ಅಷ್ಟೇ ಅಲ್ಲ, ಅವರ ಮನೆತನದ ಹೆಸರು ಬಂದದ್ದು ಈಗಿನ ಗದಗ ಜಿಲ್ಲೆಯ ಗಜೇಂದ್ರಗಡದಿಂದ. ಹುಟ್ಟಿದ್ದು 1901ರ ಮಾರ್ಚ್ 16ರಂದು, ಸಾತಾರೆಯಲ್ಲಿ. ತಂದೆ ಬಾಳಾಚಾರ್ಯರು ಸಂಸ್ಕೃತ ವಿದ್ವಾಂಸರು. ಸಾತಾರೆಯಲ್ಲಿ ಶಾಲೆ ಮುಗಿಸಿ ಕಾಲೇಜಿಗೆಂದು ಅವರು ಬಂದದ್ದು ನಮ್ಮ ಧಾರವಾಡದ ಕರ್ನಾಟಕ ಕಾಲೇಜಿಗೆ. ಆ ಕಾಲೇಜು ಆರಂಭವಾದದ್ದು 1917ರಲ್ಲಿ. ಇವರು ಅಲ್ಲಿ ಓದಿದ್ದು 1918ರಿಂದ 1920ರ ತನಕ. ಆಮೇಲೆ ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಎಂ.ಎ., 1926ರಲ್ಲಿ ಕಾನೂನಿನ ಪದವಿ, ನಂತರ ಮುಂಬಯಿಯಲ್ಲಿ ವಕೀಲಿ.

ವಕೀಲಿ ಮಾಡುತ್ತಲೇ ಅವರು ಹಿಂದೂ ಕಾನೂನಿನ ತ್ರೈಮಾಸಿಕ ಪತ್ರಿಕೆಯೊಂದರ ಸಂಪಾದಕರಾದರು; ದತ್ತಕದ ಕುರಿತಾದ ಹಳೆಯ ಸಂಸ್ಕೃತ ಗ್ರಂಥ ‘ದತ್ತಕ ಮೀಮಾಂಸೆ’ಯನ್ನು ಸಂಪಾದಿಸಿದರು. ಇಂಥ ಪಂಡಿತರ ಮನೆಯಿಂದ ಬಂದವರು ಹಳೆಯ ಕಟ್ಟಳೆಗಳಿಗೇ ಅಂಟಿಕೊಳ್ಳುತ್ತಾರೆಂದು ಜನ ಎಣಿಸುವುದು ಸಹಜ. ನಡೆದದ್ದು ಬೇರೆ. ಗುಜರಾತಿನ ಸ್ವಾಮಿನಾರಾಯಣ ಪಂಥದವರು, ನಾವು ಹಿಂದೂಗಳೇ ಅಲ್ಲ, ಆದ್ದರಿಂದ ದೇವಾಲಯ ಪ್ರವೇಶದ ಕಾನೂನು ನಮಗೆ ತಾಗುವುದಿಲ್ಲ, ದಲಿತರನ್ನು ಒಳಗೆ ಬಿಡುವುದಿಲ್ಲ ಎಂದು 1948ರಲ್ಲಿ ದಾವೆ ಹೂಡಿದ್ದರು. ಅದು ಸುಪ್ರೀಮ್ ಕೋರ್ಟಿನ ತನಕ ಏರಿತು. 1966ರ ಜನವರಿಯಲ್ಲಿ ಆ ವಾದವನ್ನು ತಳ್ಳಿಹಾಕಿ ದಲಿತರಿಗೆ ಬಾಗಿಲು ತೆರೆಸಿದ ತೀರ್ಪನ್ನು ಬರೆದವರು ಈ ಸಂಸ್ಕೃತ ಪಂಡಿತರ ಮಗನೇ.

ಈಗ ನಿಮ್ಮ ಪಗಾರದ ವಿಷಯಕ್ಕೆ ಬರೋಣ.

1954ರಲ್ಲಿ ದೇಶದ ಬ್ಯಾಂಕು ನೌಕರರಿಗೆ ಮೇಲ್ಮನವಿ ನ್ಯಾಯಮಂಡಳಿಯೊಂದು ಪಗಾರದ ತೀರ್ಪು ಕೊಟ್ಟಿತು. ಸರಕಾರ ಆ ತೀರ್ಪಿಗೆ ಕತ್ತರಿ ಹಾಕಿತು. ಆಗ ಕೇಂದ್ರದಲ್ಲಿ ಕಾರ್ಮಿಕ ಮಂತ್ರಿಯಾಗಿದ್ದ ವಿ. ವಿ. ಗಿರಿಯವರು, ನ್ಯಾಯಮಂಡಳಿ ಕೊಟ್ಟದ್ದನ್ನು ಸರಕಾರ ಕಿತ್ತುಕೊಳ್ಳುವುದಾದರೆ ನಾನು ಮಂತ್ರಿಯಾಗಿರಲಾರೆ ಎಂದು ರಾಜೀನಾಮೆ ಕೊಟ್ಟು ಹೊರಬಂದರು. ಗದ್ದಲ ಎದ್ದ ಮೇಲೆ ಸರಕಾರ ಒಂದು ಆಯೋಗವನ್ನು ನೇಮಿಸಿತು. ಮೊದಲು ಅದಕ್ಕೆ ನೇಮಕವಾದ ನ್ಯಾಯಮೂರ್ತಿ ರಾಜಾಧ್ಯಕ್ಷರು ನಡುವೆಯೇ ತೀರಿಕೊಂಡರು. ಕೆಲಸ ಗಜೇಂದ್ರಗಡಕರರ ಹೆಗಲಿಗೆ ಬಂತು. 1955ರಲ್ಲಿ ಅವರು ವರದಿ ಕೊಟ್ಟರು, ಸರಕಾರ ಒಪ್ಪಿತು, ಅದೇ ವರ್ಷ ಸಂಸತ್ತು ಅದಕ್ಕೆ ಕಾನೂನಿನ ಮುದ್ರೆ ಒತ್ತಿತು. ಪಗಾರದ ಲೆಕ್ಕ ಎಂದರೆ ಬರೀ ಅಂಕಿಗಳಲ್ಲ, ಅದರ ಹಿಂದೆ ಒಂದು ಮನೆಯ ಒಲೆ ಇದೆ ಎಂಬ ತಿಳುವಳಿಕೆಯ ಕೆಲಸ ಅದು. 1957ರ ಜನವರಿಯಲ್ಲಿ ಅವರು ಸುಪ್ರೀಮ್ ಕೋರ್ಟಿಗೆ ಹೋದರು.

ಅಲ್ಲಿ ಹೋದ ವರ್ಷವೇ ಕ್ರೌನ್ ಅಲ್ಯುಮಿನಿಯಂ ಕಾರಖಾನೆಯ ಖಟ್ಲೆ ಬಂತು. ಪ್ರಶ್ನೆ ಇಷ್ಟೇ: ಕಾರಖಾನೆಗೆ ನಷ್ಟವಾದರೆ ಮಜೂರನ ಪಗಾರವನ್ನು ಇಳಿಸಬಹುದೇ? ಗಜೇಂದ್ರಗಡಕರರು ಕೊಟ್ಟ ಉತ್ತರವನ್ನು ಸರಿಯಾಗಿ ಕೇಳಿರಿ, ಏತಕ್ಕೆಂದರೆ ಅದರಲ್ಲಿ ಎರಡು ಭಾಗವಿದೆ. ಆರ್ಥಿಕ ಪರಿಸ್ಥಿತಿ ನಿಜವಾಗಿಯೂ ಕೆಟ್ಟರೆ, ಪಗಾರದ ರಚನೆಯನ್ನು ಕೆಳಕ್ಕೆ ತಿದ್ದುವುದು ಎಂದೆಂದಿಗೂ ಸಾಧ್ಯವಿಲ್ಲವೆಂದು ಹೇಳಲಾಗದು; ಇದು ಒಂದು. ಆದರೆ ಕನಿಷ್ಠ ಪಗಾರ ಎಂಬ ಒಂದು ಗೆರೆ ಇದೆ. ಆ ಗೆರೆಯ ಕೆಳಗೆ ಇಳಿಯಲು ಯಾವ ನಷ್ಟದ ಕಾರಣವೂ ಸಲ್ಲದು. ಹೊಟ್ಟೆಗೆ ಸಾಲುವಷ್ಟು ಕನಿಷ್ಠ ಕೂಲಿಯನ್ನೂ ಕೊಡಲಾರದ ಉದ್ಯಮಕ್ಕೆ ಬದುಕಿರುವ ಹಕ್ಕೇ ಇಲ್ಲ, ಇದು ಎರಡು.

ಬಂಧುಗಳೇ, ಈ ಎರಡನೆಯ ಮಾತಿನ ತೂಕವನ್ನು ನೋಡಿರಿ. ಅಲ್ಲಿಯ ತನಕ ಮಾಲಿಕ ಏನು ಹೇಳುತ್ತಿದ್ದ? ಮೊದಲು ಹತ್ತಿಯ ಬೆಲೆ, ಆಮೇಲೆ ಕಲ್ಲಿದ್ದಲಿನ ಬೆಲೆ, ಆಮೇಲೆ ಸಾಲದ ಬಡ್ಡಿ, ಕೊನೆಗೆ ಉಳಿದರೆ ಮಜೂರನ ಕೂಲಿ. ಆ ತೀರ್ಪು ಈ ಸಾಲನ್ನೇ ತಿರುಗಿಸಿತು. ಹತ್ತಿಗೆ ದುಡ್ಡಿಲ್ಲದೆ ಗಿರಣಿ ನಡೆಯದು. ಹಾಗೆಯೇ ಕನಿಷ್ಠ ಕೂಲಿಗೆ ದುಡ್ಡಿಲ್ಲದೆಯೂ ಅದು ನಡೆಯಕೂಡದು. ನಮ್ಮ ಜಿಲ್ಲೆಯ ದಾಂಡೇಲಿಯಲ್ಲಿ ಕಾಗದದ ಗಿರಣಿ ಏಳುತ್ತಿದ್ದ ಕಾಲಕ್ಕೇ ದಿಲ್ಲಿಯಲ್ಲಿ ಈ ಮಾತು ಕಾನೂನಾಯಿತು.

ಇನ್ನು ಬೋನಸ್ಸು. ಮುಂಬಯಿಯ ಬಟ್ಟೆ ಗಿರಣಿಗಳ ಜಗಳದಲ್ಲಿ 1950ರಲ್ಲಿ ಒಂದು ಸೂತ್ರ ಹುಟ್ಟಿತ್ತು. ಒಟ್ಟು ಲಾಭದಿಂದ ಯಂತ್ರದ ಸವಕಳಿಯನ್ನು ಕಳೆ, ತೆರಿಗೆಯನ್ನು ಕಳೆ, ಬಂಡವಾಳಕ್ಕೆ ನೂರಕ್ಕೆ ಆರರಂತೆ ಬಡ್ಡಿ ಕಳೆ, ಹೊಸ ಯಂತ್ರ ಕೊಳ್ಳಲು ಇಷ್ಟು ತೆಗೆದಿಡು. ಆಮೇಲೆ ಉಳಿದದ್ದರಲ್ಲಿ ಮಜೂರನಿಗೂ ಪಾಲು. 1959ರಲ್ಲಿ ಸಿಮೆಂಟು ಕಂಪನಿಯೊಂದರ ಖಟ್ಲೆಯಲ್ಲಿ ಈ ಸೂತ್ರ ಗಜೇಂದ್ರಗಡಕರರ ಮುಂದೆ ಬಂತು. ಹೊಸ ಯಂತ್ರದ ಹೆಸರಿನಲ್ಲಿ ಇಡೀ ಲಾಭವೇ ನುಂಗಿಹೋಗುತ್ತದೆ, ಸೂತ್ರ ಬದಲಿಸಿರಿ ಎಂದು ಕಾರ್ಮಿಕರು ಕೇಳಿದರು. ಕೋರ್ಟು ಬದಲಿಸಲಿಲ್ಲ. ಆದರೆ ಬೋನಸ್ಸು ಮಾಲಿಕನು ಖುಷಿಯಿಂದ ಕೊಡುವ ದೀಪಾವಳಿಯ ಇನಾಮಲ್ಲ ಎಂಬ ತತ್ತ್ವ ಗಟ್ಟಿಯಾಗಿ ನಿಂತಿತು. ಉನ್ನತಾಧಿಕಾರದ ಆಯೋಗವೊಂದು ಈ ವಿಷಯವನ್ನು ವಿಚಾರಿಸಬಹುದೆಂದು ಕೋರ್ಟು ಸೂಚಿಸಿತು. 1961ರಲ್ಲಿ ಬೋನಸ್ ಆಯೋಗ ಬಂತು. 1965ರಲ್ಲಿ ಬೋನಸ್ ಕಾಯಿದೆ ಬಂತು. ಲಾಭವಿರಲಿ ಇಲ್ಲದಿರಲಿ ನೂರಕ್ಕೆ ನಾಲ್ಕು ಎಂಬ ಕನಿಷ್ಠ ದರ ಗೊತ್ತಾಯಿತು. ಮುಂದೆ ಅದು 8.33ಕ್ಕೆ ಏರಿತು. ಕೋರ್ಟಿನಲ್ಲಿ ಸಿಕ್ಕದ್ದನ್ನು ಕಾರ್ಮಿಕರು ಸಂಸತ್ತಿನಿಂದ ಪಡೆದರು. ಈ ಹಾದಿಯನ್ನು ನೆನಪಿನಲ್ಲಿಡಿ.

1960ರಲ್ಲಿ ಮುಂಬಯಿಯ ಜೆ. ಜೆ. ಆಸ್ಪತ್ರೆಯ ಇಬ್ಬರು ವಾರ್ಡು ಸೇವಕರ ಖಟ್ಲೆ ಬಂತು. ಸರಕಾರ ಅವರನ್ನು ಕೆಲಸದಿಂದ ತೆಗೆದಿತ್ತು. ಕೈಗಾರಿಕಾ ವಿವಾದಗಳ ಕಾಯಿದೆಯ ಪ್ರಕಾರ, ಕೆಲಸದಿಂದ ಕಡಿಮೆ ಮಾಡುವ ಮೊದಲು, ದುಡಿದ ಪ್ರತಿ ವರ್ಷಕ್ಕೆ 15 ದಿನದ ಪಗಾರದಂತೆ ಪರಿಹಾರ ಕೊಡಬೇಕು. ಕೊಟ್ಟಿರಲಿಲ್ಲ. ಆಸ್ಪತ್ರೆ ಲಾಭದ ಧಂದೆಯಲ್ಲ, ಅದು ಉದ್ಯಮವೇ ಅಲ್ಲ, ಆದ್ದರಿಂದ ಕಾಯಿದೆ ತಾಗದು ಎಂದು ಸರಕಾರ ವಾದಿಸಿತು. ಗಜೇಂದ್ರಗಡಕರರು ಒಪ್ಪಲಿಲ್ಲ. ಲಾಭ ಬರುತ್ತದೆಯೇ ಎಂಬುದು ಪ್ರಶ್ನೆಯಲ್ಲ. ಒಬ್ಬನು ಕೆಲಸ ಕೊಟ್ಟು ಇನ್ನೊಬ್ಬನು ದುಡಿದು ಸಮಾಜಕ್ಕೆ ಕ್ರಮಬದ್ಧವಾಗಿ ಸೇವೆ ಸಲ್ಲುತ್ತಿದೆಯೇ ಎಂಬುದೇ ಪ್ರಶ್ನೆ ಎಂದರು. ಆ ಇಬ್ಬರು ವಾರ್ಡು ಸೇವಕರು ಗೆದ್ದರು. ಅವರ ಜೊತೆ ಸಾವಿರಾರು ಆಸ್ಪತ್ರೆಗಳ ನೌಕರರು ಗೆದ್ದರು.

ಅಂಗಡಿಕಾರ ಮಿತ್ರರೂ ಇಲ್ಲಿ ಕೂತಿದ್ದಾರೆ. ಮಜೂರರ ಕಥೆಯಲ್ಲಿ ನಮಗೇನಿದೆ ಎಂದು ಅವರು ಎಣಿಸಬಾರದು. 1962ರಲ್ಲಿ ಚೀನದ ಯುದ್ಧ ಬಂದು ದೇಶದಲ್ಲಿ ತುರ್ತು ಪರಿಸ್ಥಿತಿ ಘೋಷಣೆಯಾಯಿತು. ಭಾರತ ರಕ್ಷಣಾ ನಿಯಮದಡಿ ಯಾರನ್ನು ಬೇಕಾದರೂ ವಿಚಾರಣೆಯಿಲ್ಲದೆ ಒಳಗಿಡುವ ಅಧಿಕಾರ ಸರಕಾರಕ್ಕೆ ಬಂತು. 1963ರಲ್ಲಿ ಮಖನ್ ಸಿಂಗ್ ಎಂಬವರ ಖಟ್ಲೆಯಲ್ಲಿ, ಇಂಥ ಬಂಧನದಲ್ಲಿರುವವರು ಮೂಲಭೂತ ಹಕ್ಕಿನ ಹೆಸರಿನಲ್ಲಿ ಕೋರ್ಟಿಗೆ ಬರಲಾರರು ಎಂಬ ಬಹುಮತದ ತೀರ್ಪು ಬರೆದವರು ಗಜೇಂದ್ರಗಡಕರರೇ. ನ್ಯಾಯಮೂರ್ತಿ ಸುಬ್ಬರಾಯರು ಭಿನ್ನಮತ ಬರೆದರು. ಪ್ರಜೆಯ ಸ್ವಾತಂತ್ರ್ಯದ ದೃಷ್ಟಿಯಿಂದ ನೋಡಿದರೆ ಸುಬ್ಬರಾಯರ ಕಡೆಯೇ ನ್ಯಾಯವಿತ್ತು ಎಂದು ನನ್ನ ಅಭಿಪ್ರಾಯ. ಆದರೆ ಆ ತೀರ್ಪಿನಲ್ಲಿ ಗಜೇಂದ್ರಗಡಕರರು ಒಂದು ಕಿಂಡಿ ಉಳಿಸಿದ್ದರು: ಅಧಿಕಾರಿ ದುರುದ್ದೇಶದಿಂದ ಬಂಧಿಸಿದ್ದರೆ ಕೋರ್ಟು ಕೇಳಬಹುದು.

ಆ ಕಿಂಡಿಯಿಂದ ಹೊರಬಂದವನು ತಿರುವನಂತಪುರದ ಒಬ್ಬ ಚಿಮಣಿ ಎಣ್ಣೆಯ ವ್ಯಾಪಾರಿ, ಜಿ. ಸದಾನಂದನ್. 1965ರಲ್ಲಿ ಅವನನ್ನು ಹಿಡಿದು ಜೈಲಿಗೆ ಹಾಕಿದರು. ಪೊಲೀಸ್ ಅಧಿಕಾರಿಯೊಬ್ಬನು ತನ್ನ ನೆಂಟರಿಗೆ ಆ ವ್ಯಾಪಾರ ಸಿಗಲೆಂದು ಸುಳ್ಳು ವರದಿ ಕೊಟ್ಟಿದ್ದಾನೆಂದು ಸದಾನಂದನ್ ಆರೋಪಿಸಿದ. ಆ ಅಧಿಕಾರಿ ಪ್ರಮಾಣಪತ್ರದ ಮೂಲಕ ಉತ್ತರವನ್ನೇ ಕೊಡಲಿಲ್ಲ. 1966ರ ಫೆಬ್ರುವರಿಯಲ್ಲಿ ಮುಖ್ಯ ನ್ಯಾಯಾಧೀಶ ಗಜೇಂದ್ರಗಡಕರರು ಆ ಬಂಧನ ದುರುದ್ದೇಶದ್ದೆಂದು ಸಾರಿ, ಆ ವ್ಯಾಪಾರಿಯನ್ನು ಬಿಡಿಸಿದರು. ತುರ್ತು ಪರಿಸ್ಥಿತಿ ಬಹಳ ದಿನ ಎಳೆದರೆ ಅಧಿಕಾರಿಗಳ ಮನಸ್ಸಿಗೆ ಜಡ್ಡು ಹತ್ತುತ್ತದೆ, ಪ್ರಜೆಯ ಸ್ವಾತಂತ್ರ್ಯ ಅವರಿಗೆ ಹಗುರವಾಗಿ ಕಾಣುತ್ತದೆ ಎಂಬರ್ಥದ ಎಚ್ಚರಿಕೆಯನ್ನೂ ಕೊಟ್ಟರು. ಪರವಾನಗಿಯ ಮೇಲೆ ಬದುಕುವ ಸಣ್ಣ ವ್ಯಾಪಾರಿಗೆ ಈ ತೀರ್ಪಿನ ಬೆಲೆ ತಿಳಿಯಬೇಕು.

ಇನ್ನು ಮಕ್ಕಳ ಓದು. ಆಗ ನಮ್ಮದು ಮೈಸೂರು ರಾಜ್ಯ. 1962ರ ಜುಲೈ 31ರಂದು ಸರಕಾರ ವೈದ್ಯಕೀಯ ಮತ್ತು ಇಂಜಿನಿಯರಿಂಗ್ ಕಾಲೇಜುಗಳಲ್ಲಿ ನೂರಕ್ಕೆ 68 ಸೀಟುಗಳನ್ನು ಮೀಸಲಿಟ್ಟಿತು: ಹಿಂದುಳಿದವರಿಗೆ 28, ಹೆಚ್ಚು ಹಿಂದುಳಿದವರಿಗೆ 22, ಪರಿಶಿಷ್ಟ ಜಾತಿಗೆ 15, ಪರಿಶಿಷ್ಟ ಪಂಗಡಕ್ಕೆ 3. ಎರಡೇ ತಿಂಗಳಲ್ಲಿ, ಬಾಲಾಜಿ ಖಟ್ಲೆಯಲ್ಲಿ, ಗಜೇಂದ್ರಗಡಕರರು ಆ ಆಜ್ಞೆಯನ್ನು ಹೊಡೆದುಹಾಕಿದರು. ಮೀಸಲಾತಿ ಸಾಮಾನ್ಯವಾಗಿ ಅರ್ಧಕ್ಕಿಂತ ಕೆಳಗಿರಬೇಕು, ಜಾತಿಯೊಂದೇ ಅಳತೆಗೋಲಾಗಬಾರದು ಎಂದರು. ಇದರ ಬಗ್ಗೆ ನಮ್ಮಲ್ಲಿ ಬಹಳ ಜಗಳವಾಗಿದೆ, ಆಗಲೂಬೇಕು. ಹಿಂದುಳಿದವರ ಹೊಟ್ಟೆಯ ಮೇಲೆ ಹೊಡೆದರೆಂದು ಹೇಳುವವರಿದ್ದಾರೆ. ಅವರ ಮಾತಿನಲ್ಲಿ ಹುರುಳಿದೆ. ಆದರೆ ಅದೇ ತೀರ್ಪಿನಲ್ಲಿ ಇನ್ನೊಂದು ಮಾತಿದೆ. ಅದನ್ನು ಯಾರೂ ಹೆಚ್ಚು ಎತ್ತುವುದಿಲ್ಲ. ಸಾಮಾಜಿಕ ಹಿಂದುಳಿಕೆಯ ಬೇರು ಬಹುಮಟ್ಟಿಗೆ ಬಡತನದಲ್ಲಿದೆ. ಮಾಡುವ ಕಸುಬು, ವಾಸಿಸುವ ಊರು ಇವೂ ಮನುಷ್ಯನನ್ನು ಹಿಂದಕ್ಕೆ ತಳ್ಳುತ್ತವೆ ಎಂಬ ಮಾತು. ಕಡಲತೀರದ ಮೀನುಗಾರನ ಮಗಳು, ಕಾಡಿನಂಚಿನ ಕೂಲಿಕಾರನ ಮಗ ಯಾಕೆ ಹಿಂದುಳಿದಿದ್ದಾರೆಂಬುದಕ್ಕೆ ಅಲ್ಲಿ ಉತ್ತರವಿದೆ.

ಈಗ ಅವರು ಎಡವಿದ ಒಂದು ಜಾಗವನ್ನೂ ಹೇಳಬೇಕು. ದೊಡ್ಡವರ ಕಥೆ ಹೇಳುವಾಗ ಬರೀ ಆರತಿ ಎತ್ತುವುದು ನಮ್ಮ ಪದ್ಧತಿಯಾಗಬಾರದು. ದಿಲ್ಲಿ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿನಿಯರ ಬಸ್ಸು ನಡೆಸುತ್ತಿದ್ದ ರಾಮನಾಥನೆಂಬ ಚಾಲಕನಿದ್ದ. ಬಸ್ಸು ನಷ್ಟದಲ್ಲಿದೆಯೆಂದು ನಿಲ್ಲಿಸಿ, ಅವನನ್ನು ಕೆಲಸದಿಂದ ತೆಗೆದರು. ಅವನು ಪರಿಹಾರ ಕೇಳಿದ. 1963ರಲ್ಲಿ ಗಜೇಂದ್ರಗಡಕರರು, ವಿದ್ಯಾದಾನ ಉದ್ಯಮವಲ್ಲ, ಅದರ ಮುಖ್ಯ ಕೆಲಸ ಗುರುಗಳದ್ದು, ಚಾಲಕನಂಥವರ ಪಾತ್ರ ಸಣ್ಣದು ಎಂದು ಹೇಳಿ, ಅವನ ಬೇಡಿಕೆಯನ್ನು ತಳ್ಳಿದರು. ಮೂರು ವರ್ಷದ ಹಿಂದೆ ವಾರ್ಡು ಸೇವಕರಿಗೆ ಸಿಕ್ಕ ನ್ಯಾಯ ಬಸ್ಸಿನ ಚಾಲಕನಿಗೆ ಸಿಗಲಿಲ್ಲ. ರೋಗಿಯ ಹಾಸಿಗೆ ಹಾಸುವವನು ಕಾರ್ಮಿಕನಾದರೆ, ವಿದ್ಯಾರ್ಥಿನಿಯನ್ನು ಕಾಲೇಜಿಗೆ ಮುಟ್ಟಿಸುವವನು ಯಾಕಲ್ಲ? ವಿದ್ಯೆ ಪವಿತ್ರವೆಂಬ ಭಾವನೆ ದೊಡ್ಡದೇ. ಆದರೆ ಪವಿತ್ರತೆಯ ಖರ್ಚನ್ನು ಚಾಲಕನ ಪಗಾರದಿಂದ ಕಳೆಯಬಾರದಿತ್ತು.

ಆ ತಪ್ಪನ್ನು ತಿದ್ದಿದ್ದು ನಮ್ಮ ಬೆಂಗಳೂರಿನ ಖಟ್ಲೆ. ಅಲ್ಲಿನ ನೀರು ಸರಬರಾಜು ಮಂಡಳಿ ತನ್ನ ಕೆಲವು ನೌಕರರಿಗೆ ದಂಡ ಹಾಕಿ ಹಣ ವಸೂಲು ಮಾಡಿತ್ತು. ರಾಜಪ್ಪ ಮತ್ತು ಇತರರು ಕಾರ್ಮಿಕ ನ್ಯಾಯಾಲಯಕ್ಕೆ ಹೋದರು. ನಾವು ಉದ್ಯಮವಲ್ಲ ಎಂದಿತು ಮಂಡಳಿ. 1978ರ ಫೆಬ್ರುವರಿ 21ರಂದು ಸುಪ್ರೀಮ್ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು. ಮುಖ್ಯ ತೀರ್ಪು ಬರೆದವರು ಕೃಷ್ಣ ಅಯ್ಯರರು. ಜೆ. ಜೆ. ಆಸ್ಪತ್ರೆಯ ತೀರ್ಪಿನ ತತ್ತ್ವವನ್ನು ಅವರು ಮತ್ತೆ ಎತ್ತಿ ನಿಲ್ಲಿಸಿದರು; ರಾಮನಾಥನ ತೀರ್ಪನ್ನು ರದ್ದುಮಾಡಿದರು. ನೋಡಿರಿ, ಗಜೇಂದ್ರಗಡಕರರ ಒಂದು ತೀರ್ಪೇ ಅವರ ಇನ್ನೊಂದು ತೀರ್ಪನ್ನು ಸೋಲಿಸಿತು. ಇದನ್ನು ಮಾಡಿಸಿದವರು ಯಾರು? ಪಂಡಿತರಲ್ಲ, ದಂಡ ಕೊಡಲು ಒಪ್ಪದೆ ಪಟ್ಟು ಹಿಡಿದ ಸಾಮಾನ್ಯ ನೌಕರರು.

ಕಾನೂನನ್ನು ಕಲಿಸುವ ಕೆಲಸದಲ್ಲೂ ಗಜೇಂದ್ರಗಡಕರರ ಕೈಯಿದೆ. 1964ರಲ್ಲಿ ಮುಖ್ಯ ನ್ಯಾಯಾಧೀಶರಾದ ವರ್ಷವೇ, ದಿಲ್ಲಿ ವಿಶ್ವವಿದ್ಯಾಲಯದ ಕಾನೂನು ಶಿಕ್ಷಣವನ್ನು ಸುಧಾರಿಸುವ ಸಮಿತಿಗೆ ಅಧ್ಯಕ್ಷರಾದರು. ಬೇರೆ ನೌಕರಿ ಮಾಡುತ್ತ ಬಿಡುವಿನಲ್ಲಿ ಓದಿ ಪದವಿ ಪಡೆಯುವ ವಿಷಯವೆಂದು ಕಾನೂನನ್ನು ಎಣಿಸಬಾರದು, ಅದು ಮೂರು ವರ್ಷದ ಪೂರ್ಣ ಅಭ್ಯಾಸವಾಗಬೇಕು ಎಂಬುದು ಆ ಸಮಿತಿಯ ದಿಕ್ಕು. 1966ರ ಮಾರ್ಚ್ 15ರಂದು ನಿವೃತ್ತರಾದ ಮೇಲೆ ಮುಂಬಯಿ ವಿಶ್ವವಿದ್ಯಾಲಯದ ಕುಲಪತಿಗಳಾಗಿ 1971ರ ತನಕ ದುಡಿದರು. 1971ರಿಂದ 1977ರ ತನಕ ಕಾನೂನು ಆಯೋಗದ ಅಧ್ಯಕ್ಷರು. 1972ರಲ್ಲಿ ಪದ್ಮವಿಭೂಷಣ. 1981ರ ಜೂನ್ 12ರಂದು ತೀರಿಕೊಂಡರು.

ಈ ನಡುವೆ, 1966ರಿಂದ 1969ರ ತನಕ, ಸ್ವತಂತ್ರ ಭಾರತದ ಮೊದಲ ರಾಷ್ಟ್ರೀಯ ಕಾರ್ಮಿಕ ಆಯೋಗಕ್ಕೆ ಅವರೇ ಅಧ್ಯಕ್ಷರಾಗಿದ್ದರು. ಆಯೋಗ ಎರಡು ಮುಖ್ಯ ಮಾತು ಹೇಳಿತು. ಒಂದು, ಕೈಗಾರಿಕೆಯ ಜಗಳಗಳನ್ನು ತೀರಿಸಲು ಸರಕಾರದ ಕೈಗೆ ಸಿಕ್ಕದ ಸ್ವತಂತ್ರ ಆಯೋಗಗಳು ಬೇಕು. ಎರಡು, 100 ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವಲ್ಲಿ ಸಂಘಕ್ಕೆ ಮನ್ನಣೆ ಕೊಡುವುದನ್ನು ಕಾನೂನಿನಿಂದ ಕಡ್ಡಾಯ ಮಾಡಬೇಕು. ಮೊದಲನೆಯದು ಆಗಲೇ ಇಲ್ಲ. ಎರಡನೆಯದು ಐವತ್ತು ವರ್ಷ ಕಪಾಟಿನಲ್ಲಿತ್ತು. 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ, ಹಾಜರಿ ಪಟ್ಟಿಯ ನೂರಕ್ಕೆ 51 ಕಾರ್ಮಿಕರ ಬೆಂಬಲವಿರುವ ಸಂಘವೇ ಮಾತುಕತೆಯ ಸಂಘ ಎಂಬ ರೂಪದಲ್ಲಿ ಅದು ಹೊರಬಂತು.

ಆ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂದಿದೆ. ಅದರ ಇನ್ನೊಂದು ಮುಖವನ್ನೂ ನೋಡಿರಿ. ಕಾರಖಾನೆ ಮುಚ್ಚಲು, ಕೆಲಸಗಾರರನ್ನು ಕಡಿಮೆ ಮಾಡಲು ಸರಕಾರದ ಅನುಮತಿ ಬೇಕೆಂಬ ನಿಯಮ ಮೊದಲು 100 ಜನರಿದ್ದ ಕಾರಖಾನೆಗಿತ್ತು. ಈಗ 300 ಜನರಿದ್ದದ್ದಕ್ಕೆ ಮಾತ್ರ. ದತ್ತಿ, ಸಮಾಜಸೇವೆಯ ಸಂಸ್ಥೆಗಳನ್ನು ಉದ್ಯಮದ ವ್ಯಾಖ್ಯೆಯಿಂದಲೇ ಹೊರಗಿಟ್ಟಿದ್ದಾರೆ. ಎಂದರೆ, ವಾರ್ಡು ಸೇವಕರು 1960ರಲ್ಲಿ ಗೆದ್ದ ಪ್ರಶ್ನೆ ದತ್ತಿ ಆಸ್ಪತ್ರೆಯ ನೌಕರರ ಬಾಗಿಲಿಗೆ ಮತ್ತೆ ಬಂದು ನಿಂತಿದೆ. ಇತ್ತ ವೇತನ ಸಂಹಿತೆಯಲ್ಲಿ, ಕೇಂದ್ರ ಗೊತ್ತುಮಾಡುವ ತಳಮಟ್ಟದ ಕೂಲಿಗಿಂತ ಕಡಿಮೆಯನ್ನು ಯಾವ ರಾಜ್ಯವೂ ಗೊತ್ತುಮಾಡುವಂತಿಲ್ಲ. ಆ ತಳ ಎಷ್ಟು ಎತ್ತರದಲ್ಲಿರಬೇಕು, ಅದರಲ್ಲಿ ಅಕ್ಕಿ, ಮೀನು, ಮನೆ ಬಾಡಿಗೆ, ಮಕ್ಕಳ ಪುಸ್ತಕ ಇವು ಸೇರಬೇಕೋ ಬೇಡವೋ, ಇದೇ ಮುಂದಿನ ಹೋರಾಟದ ವಿಷಯ.

ಆದ್ದರಿಂದ ಬಂಧುಗಳೇ, ಈ ಕಥೆಯಿಂದ ನಾವು ಕಟ್ಟಿಕೊಂಡು ಹೋಗಬೇಕಾದ ಬುತ್ತಿ ಒಂದೇ. ಒಳ್ಳೆಯ ನ್ಯಾಯಮೂರ್ತಿ ಸಿಕ್ಕಿದರೆ ಹಕ್ಕು ಸ್ಥಿರವಾಯಿತೆಂದು ತಿಳಿಯಬೇಡಿ. ಅದೇ ಕೈ ಒಮ್ಮೆ ಕೊಡುತ್ತದೆ, ಒಮ್ಮೆ ತಡೆಯುತ್ತದೆ. ಕೊಟ್ಟದ್ದನ್ನು ಸಂಸತ್ತು ಹಿಗ್ಗಿಸಬಹುದು, ಕುಗ್ಗಿಸಲೂಬಹುದು. ಗಜೇಂದ್ರಗಡಕರರು ತೀರ್ಪು ಬರೆದರು, ನಿಜ. ಆದರೆ ಖಟ್ಲೆಯನ್ನು ಅವರ ಮೇಜಿನ ತನಕ ಹೊತ್ತುಕೊಂಡು ಹೋದವರು ವಾರ್ಡು ಸೇವಕರು, ಬ್ಯಾಂಕಿನ ಗುಮಾಸ್ತರು, ಚಿಮಣಿ ಎಣ್ಣೆಯ ವ್ಯಾಪಾರಿ. ಅವರ ಹಿಂದೆ ಒಂದು ಸಂಘವಿತ್ತು, ಇಲ್ಲವೇ ಹೆದರದ ಒಂದು ಎದೆಯಿತ್ತು.

ನಾಳೆ ನಿಮ್ಮ ಪಗಾರದ ಚೀಟಿ ಕೈಗೆ ಬಂದಾಗ ಅದನ್ನು ಮಡಿಚಿ ಜೇಬಿಗೆ ಹಾಕಬೇಡಿ. ಕನಿಷ್ಠ ಕೂಲಿ ಎಷ್ಟು, ತುಟ್ಟಿಭತ್ತೆ ಎಷ್ಟು, ಕಡಿತ ಯಾವುದಕ್ಕೆ, ಓದಿರಿ. ಓದಲು ಬಾರದಿದ್ದರೆ ಶಾಲೆಗೆ ಹೋಗುವ ಮಗಳಿಂದ ಓದಿಸಿರಿ. ಲೆಕ್ಕ ತಪ್ಪಿದ್ದರೆ ಒಬ್ಬರೇ ಹೋಗಿ ಕೇಳಬೇಡಿ. ಸಂಘದವರಾಗಿ ಹೋಗಿ ಕೇಳಿರಿ. ಮಕ್ಕಳಲ್ಲಿ ಒಬ್ಬರಾದರೂ ಕಾನೂನು ಓದುವಂತೆ ಮಾಡಿರಿ. ಓದಿದ ಮೇಲೆ ಆ ಓದು ಊರಿಗೆ ತಿರುಗಿ ಬರುವಂತೆ ನೋಡಿಕೊಳ್ಳಿರಿ.